ಕೇಳದೆ ತುಂಬಿದ ಮಡಿಲು

ಸಂಸಾರಸ್ಥರ ಮನೆಯಲ್ಲಿ ಯಾವ ಮಾತನ್ನು ಬೇಕಾದರೂ ಆಡಬಹುದು, ಒಂದು ಮಾತನ್ನು ಮಾತ್ರ ಆಡುವಂತಿಲ್ಲ. "ಅಕಸ್ಮಾತ್ ನಾವಿಬ್ಬರೂ ಇಲ್ಲವಾದರೆ ಮಕ್ಕಳನ್ನು ಯಾರು ನೋಡಿಕೊಳ್ಳುತ್ತಾರೆ?" ಎಂದು ಗಂಡನನ್ನೋ ಅತ್ತೆಯನ್ನೋ ಕೇಳಿ ನೋಡಿ. "ಬಿಡ್ತು ಅನ್ನು, ಎಂಥ ಮಾತು ಅಂತ ಆಡ್ತೀಯ!" ಎಂಬ ಉತ್ತರ ತಟ್ಟನೆ ಬರುತ್ತದೆ. ದೀಪ ಹಚ್ಚುವ ಹೊತ್ತಾಗಿದ್ದರಂತೂ ಮುಗಿದೇಹೋಯಿತು. ಅಸ್ತು ದೇವತೆಗಳು ಮೇಲೆ ಓಡಾಡುತ್ತಿರುತ್ತಾರಲ್ಲ! ಸೈಟಿನ ಪತ್ರಕ್ಕೆ ಯಾರ ಹೆಸರಿರಬೇಕು, ವಿಮೆಗೆ ಯಾರು ನಾಮಿನಿ, ಅಜ್ಜಿಯ ಅವಲಕ್ಕಿ ಸರ ಯಾವ ಮೊಮ್ಮಗಳಿಗೆ ಎಂಬುದನ್ನೆಲ್ಲ ನಾವು ಲೆಕ್ಕ ಹಾಕಿ ಇಟ್ಟಿರುತ್ತೇವೆ. ಆದರೆ ಮನೆಯಲ್ಲಿರುವ ಎಲ್ಲಕ್ಕಿಂತ ಬೆಲೆಯುಳ್ಳ ಆ ಎರಡು ಮೂರು ಜೀವಗಳು ಯಾರ ಪಾಲಿಗೆ ಎಂಬುದನ್ನು ಮಾತ್ರ ದೇವರ ತಲೆಯ ಮೇಲೆ ಹಾಕಿ ಬಿಟ್ಟಿರುತ್ತೇವೆ.

ಹೀಗೆ ನಾವು ಬಾಯಿಬಿಟ್ಟು ಆಡದ ಮಾತನ್ನು ಸಿನಿಮಾಗಳು ಧೈರ್ಯವಾಗಿ ಆಡುತ್ತವೆ. ಅದೂ ನಗಿಸುತ್ತಾ. 2004ರಲ್ಲಿ ಬಂದ 'ರೈಸಿಂಗ್ ಹೆಲನ್' ಎಂಬ ಅಮೆರಿಕದ ಚಿತ್ರ ಅಂಥದ್ದು. ನಿರ್ದೇಶಕ ಗ್ಯಾರಿ ಮಾರ್ಷಲ್. ಅದಕ್ಕೂ ಮೊದಲು 'ಪ್ರೆಟಿ ವುಮನ್' ಮಾಡಿ ಹೆಸರಾದವರು. ಚಿತ್ರ ಬಂದಾಗ ಅಲ್ಲಿನ ವಿಮರ್ಶಕರು ಇದನ್ನು ಅಷ್ಟೇನೂ ಮೆಚ್ಚಿಕೊಳ್ಳಲಿಲ್ಲ. ನನಗೂ ಅದು ದೊಡ್ಡ ಚಿತ್ರ ಅನ್ನಿಸಲಿಲ್ಲ. ಆದರೆ ದೊಡ್ಡ ಚಿತ್ರಗಳು ನಮ್ಮನ್ನು ಸುಮ್ಮನಾಗಿಸುತ್ತವೆ, ಇಂಥ ಸಾಧಾರಣ ಚಿತ್ರಗಳು ಮಾತಾಡಿಸುತ್ತವೆ. ನಮ್ಮ ಮನೆಯಲ್ಲಿ ಐದಾರು ಜನ ಹೆಂಗಸರು ಕೂತು ಇದನ್ನು ನೋಡಿದ ಮೇಲೆ ಆಡಿದ ಮಾತುಗಳು ಚಿತ್ರದಷ್ಟೇ ಉದ್ದವಾದವು. ಒಬ್ಬೊಬ್ಬರದು ಒಂದೊಂದು ತೀರ್ಪು. ಆ ತೀರ್ಪುಗಳೇ ಚಿತ್ರಕ್ಕಿಂತ ಹೆಚ್ಚಾಗಿ ನನ್ನನ್ನು ಯೋಚನೆಗೆ ಹಚ್ಚಿವೆ.

ಮೊದಲು ಕಥೆಯನ್ನು ಚುಟುಕಾಗಿ ಹೇಳಿಬಿಡುತ್ತೇನೆ. ಮೂವರು ಅಕ್ಕತಂಗಿಯರು. ಜೆನ್ನಿ, ಲಿಂಡ್ಸೆ, ಹೆಲನ್. ಜೆನ್ನಿ ಅಚ್ಚುಕಟ್ಟಾದ ಗೃಹಿಣಿ. ಎರಡು ಮಕ್ಕಳ ತಾಯಿ, ಮೂರನೆಯದಕ್ಕೆ ಬಸುರಿ. ಹೆಲನ್ ನ್ಯೂಯಾರ್ಕಿನ ಮ್ಯಾನ್‌ಹಟನ್ನಿನಲ್ಲಿ ಮಾಡೆಲ್‌ಗಳನ್ನು ಒದಗಿಸುವ ಸಂಸ್ಥೆಯೊಂದರಲ್ಲಿ ಕೆಲಸ ಮಾಡುವ ಹುಡುಗಿ. ರಾತ್ರಿಯೆಲ್ಲ ಪಾರ್ಟಿ, ಬೆಳಗ್ಗೆ ಅವಸರದ ಓಟ. ನಡುವಿನವಳು ಲಿಂಡ್ಸೆ ಮತ್ತು ಅವಳ ಗಂಡ ಕಾರು ಅಪಘಾತದಲ್ಲಿ ತೀರಿಹೋಗುತ್ತಾರೆ. ಅವರಿಗೆ ಮೂರು ಮಕ್ಕಳು. ಹದಿನೈದರ ಹುಡುಗಿ ಆಡ್ರಿ, ಹುಡುಗ ಹೆನ್ರಿ, ಪುಟ್ಟ ಸಾರಾ. ವಕೀಲರು ಉಯಿಲು ಓದಿದಾಗ ಎಲ್ಲರಿಗೂ ಆಘಾತ. ಮಕ್ಕಳು ಜೆನ್ನಿಗಲ್ಲ, ಹೆಲನ್‌ಗೆ!

ಮುಂದೆ ಏನಾಗಬೇಕೋ ಅದೇ ಆಗುತ್ತದೆ. ಹೆಲನ್ ಕೆಲಸ ಕಳೆದುಕೊಳ್ಳುತ್ತಾಳೆ. ಮಕ್ಕಳೊಡನೆ ಕ್ವೀನ್ಸ್ ಎಂಬ ಬಡಾವಣೆಗೆ ಮನೆ ಬದಲಿಸುತ್ತಾಳೆ, ಕಾರು ಮಾರುವ ಅಂಗಡಿಯಲ್ಲಿ ಸ್ವಾಗತಕಾರಿಣಿಯ ಕೆಲಸ ಹಿಡಿಯುತ್ತಾಳೆ. ಹೆಲನ್ ಮಕ್ಕಳಿಗೆ ಗೆಳತಿಯಾಗಬಲ್ಲಳು, ಗದರುವ ದೊಡ್ಡವಳಾಗಲಾರಳು. ಆಡ್ರಿ ಹುಡುಗನೊಬ್ಬನೊಂದಿಗೆ ಮೋಟೆಲಿಗೆ ಹೋದಾಗ ಅವಳನ್ನು ಎದುರಿಸಲಾರದೆ ಅಕ್ಕ ಜೆನ್ನಿಗೆ ಹೇಳಿ ಕಳಿಸುತ್ತಾಳೆ. ಅಕ್ಕ ಬಂದು ಗದರಿಸಿ ಕರೆತರುತ್ತಾಳೆ. "ಇದು ನನ್ನ ಕೈಲಾಗದು" ಎಂದು ಹೆಲನ್ ಮಕ್ಕಳನ್ನು ಅಕ್ಕನಿಗೇ ಒಪ್ಪಿಸಿಬಿಡುತ್ತಾಳೆ. ಆಮೇಲೆ ಮತ್ತೆ ಬಂದು ಕೇಳಿ ಕರೆದುಕೊಂಡು ಹೋಗುತ್ತಾಳೆ. ಕೊನೆಯಲ್ಲಿ, ಲಿಂಡ್ಸೆ ಬರೆದಿಟ್ಟಿದ್ದ ಒಂದು ಕಾಗದವನ್ನು ಜೆನ್ನಿ ತಂಗಿಗೆ ಓದಲು ಕೊಡುತ್ತಾಳೆ. ಹೆಲನ್‌ಳನ್ನೇ ಯಾಕೆ ಆರಿಸಿದೆ ಎಂಬುದಕ್ಕೆ ಅದರಲ್ಲಿ ಕಾರಣವಿದೆ. ಎಲ್ಲರಿಗಿಂತ ಹೆಚ್ಚಾಗಿ ತನ್ನನ್ನು ಹೋಲುವವಳು ಹೆಲನ್. ಮಕ್ಕಳಿಗೆ ತನ್ನ ನೆರಳು ಸಿಗುವುದಾದರೆ ಅವಳಲ್ಲೇ ಸಿಗಬೇಕು.

ಈಗ ನಮ್ಮವರ ತೀರ್ಪುಗಳಿಗೆ ಬರೋಣ.

ಕಾಲೇಜಿನಲ್ಲಿ ಓದುವ ನನ್ನ ತಂಗಿಯ ಮಗಳು ಪೂರ್ತಿ ಹೆಲನ್ ಪಕ್ಷ. "ಅವಳ ವಯಸ್ಸೆಷ್ಟು ದೊಡ್ಡಮ್ಮ? ಕೆಲಸ ಹೋಯ್ತು, ಮನೆ ಹೋಯ್ತು, ಸ್ನೇಹಿತರು ಹೋದರು. ಅದನ್ನೆಲ್ಲ ತಮಾಷೆಯಾಗಿ ತೋರಿಸ್ತಾರಲ್ಲ, ನಗು ಬರೋದಾದರೂ ಹೇಗೆ?" ಎಂದಳು. ನನ್ನ ಓರಗಿತ್ತಿಗೆ ಕಣ್ಣೀರು ಬಂದದ್ದು ಜೆನ್ನಿಗಾಗಿ. "ಬಸುರಿ ಹೆಂಗಸು, ಎರಡು ಮಕ್ಕಳನ್ನು ಒಪ್ಪವಾಗಿ ಸಾಕ್ತಿದ್ದಾಳೆ. ಅವಳನ್ನು ಬಿಟ್ಟು ಬೇರೆಯವರ ಹೆಸರು ಬರೆದಿದ್ದಾರೆ ಅಂದರೆ ಅದಕ್ಕಿಂತ ಅವಮಾನ ಬೇಕಾ? ಆದರೆ ಹುಡುಗಿ ದಾರಿ ತಪ್ಪೋ ಹೊತ್ತಿಗೆ ಅದೇ ಅಕ್ಕ ಬೇಕು. ನಾವು ಯಾವಾಗಲೂ ಕೆಲಸಕ್ಕೆ ಬೇಕು, ಹೆಸರಿಗೆ ಬೇಡ" ಎಂದಳು. 'ಅವಳು' ಹೋಗಿ 'ನಾವು' ಬಂದದ್ದನ್ನು ನಾನು ಗಮನಿಸಿದೆ. ದೊಡ್ಡ ಸೊಸೆಯಾಗಿ ಆ ಮನೆಯ ಎಲ್ಲ ಹಬ್ಬಗಳನ್ನೂ ಹೊತ್ತವಳು ಅವಳು.

ಬ್ಯಾಂಕಿನಲ್ಲಿ ಕೆಲಸ ಮಾಡುವ ಗೆಳತಿಯ ಆಕ್ಷೇಪಣೆ ಬೇರೆ. ಅವಳ ಕೋಪ ತೀರಿಹೋದ ಲಿಂಡ್ಸೆಯ ಮೇಲೆ. "ಒಂದು ಮಾತು ಕೇಳದೆ ಇನ್ನೊಬ್ಬರ ಇಪ್ಪತ್ತು ವರ್ಷವನ್ನು ಉಯಿಲಿನಲ್ಲಿ ಬರೆದಿಡೋಕೆ ಇವಳ್ಯಾರು? ಸಾಲಕ್ಕೆ ಜಾಮೀನು ಹಾಕಬೇಕಾದರೂ ನಾವು ಮನುಷ್ಯರನ್ನು ಎದುರಿಗೆ ಕೂರಿಸಿಕೊಂಡು ಸಹಿ ತಗೋತೀವಿ." ನಿವೃತ್ತ ಶಿಕ್ಷಕಿಯೊಬ್ಬರು ನಿಧಾನವಾಗಿ, "ಆ ಮೂರು ಮಕ್ಕಳನ್ನು ಯಾರಾದರೂ ಕೇಳಿದರಾ?" ಎಂದರು. ಎಲ್ಲರೂ ಸುಮ್ಮನಾದೆವು.

ಇಷ್ಟು ತೀರ್ಪುಗಳು ಬಂದರೂ ಅವೆಲ್ಲದರ ಕೆಳಗೆ ಇದ್ದದ್ದು ಒಂದೇ ಪ್ರಶ್ನೆ. ಮಕ್ಕಳನ್ನು ಒಪ್ಪಿಸಲು ತಕ್ಕವರು ಯಾರು? ಅನುಭವ ಇದ್ದವರೋ, ಪ್ರೀತಿ ಇದ್ದವರೋ? ಸತ್ತವರನ್ನು ಹೋಲುವವರೋ, ಹೋಲದವರೋ?

ಈ ಪ್ರಶ್ನೆ ಅಮೆರಿಕದವರು ಹೊಸದಾಗಿ ಕಂಡುಹಿಡಿದದ್ದಲ್ಲ. ನಮ್ಮ ಮಹಾಭಾರತದಲ್ಲೇ ಇದೆ. ವ್ಯಾಸಭಾರತದ ಆದಿಪರ್ವದಲ್ಲಿ ಪಾಂಡು ಕಾಡಿನಲ್ಲಿ ತೀರಿಕೊಂಡಾಗ ಇಬ್ಬರು ಹೆಂಡಿರು ಅವನ ದೇಹದ ಮುಂದೆ ನಿಂತು ವಾದಿಸುತ್ತಾರೆ. ಹಿರಿಯಳಾದ ತಾನು ಗಂಡನೊಂದಿಗೆ ಹೋಗಬೇಕೆಂದು ಕುಂತಿ, ತಾನೇ ಹೋಗುವೆನೆಂದು ಮಾದ್ರಿ. ಕೊನೆಗೆ ಮಾದ್ರಿ ಹೇಳುವ ಕಾರಣಗಳಲ್ಲಿ ಒಂದು ಬಹಳ ವಿಶೇಷವಾದದ್ದು. ನಾನು ಉಳಿದರೆ ನಿನ್ನ ಮಕ್ಕಳನ್ನು ನನ್ನ ಮಕ್ಕಳ ಹಾಗೆ ನೋಡಿಕೊಳ್ಳಲು ನನ್ನಿಂದ ಆಗಲಾರದು, ನೀನಾದರೋ ನೋಡಬಲ್ಲೆ ಎಂಬ ಅರ್ಥದ ಮಾತನ್ನು ಆಡಿ ನಕುಲ ಸಹದೇವರನ್ನು ಸವತಿಯ ಕೈಗೆ ಕೊಡುತ್ತಾಳೆ.

ಎಂಥ ಮಾತು ನೋಡಿ! ಲಿಂಡ್ಸೆ ತನ್ನ ಹಾಗೆ ಇರುವವಳನ್ನು ಆರಿಸಿದಳು. ಮಾದ್ರಿ ತನ್ನ ಹಾಗೆ ಇಲ್ಲದವಳನ್ನು ಆರಿಸಿದಳು. ಒಬ್ಬಳು ತನ್ನ ಗುಣವನ್ನು ನೆನೆದು ಮಕ್ಕಳನ್ನು ಕೊಟ್ಟಳು, ಇನ್ನೊಬ್ಬಳು ತನ್ನ ಕೊರತೆಯನ್ನು ಬಲ್ಲವಳಾಗಿ ಕೊಟ್ಟಳು. ಎರಡೂ ಆಯ್ಕೆಗಳು ಫಲಿಸಿದವು. ಚಿತ್ರದಲ್ಲಿ ಹೆಲನ್ ಬೆಳೆದಳು. ಚಿತ್ರದ ಹೆಸರಿನಲ್ಲೇ ಇರುವ ಚಮತ್ಕಾರವೂ ಅದೇ, ಬೆಳೆಸಬೇಕಾದದ್ದು ಮಕ್ಕಳನ್ನಷ್ಟೇ ಅಲ್ಲ, ಹೆಲನ್‌ಳನ್ನೂ. ಇತ್ತ ಕುಂತಿಯ ಸಾಕಣೆ ಎಂಥದೆಂಬುದಕ್ಕೆ ಸಾಕ್ಷಿ ಯಕ್ಷಪ್ರಶ್ನೆಯ ಕೊನೆಯಲ್ಲಿದೆ. ಸತ್ತು ಬಿದ್ದ ನಾಲ್ವರು ತಮ್ಮಂದಿರಲ್ಲಿ ಒಬ್ಬನನ್ನು ಬದುಕಿಸುತ್ತೇನೆ, ಯಾರು ಬೇಕು ಎಂದು ಯಕ್ಷ ಕೇಳಿದಾಗ ಧರ್ಮರಾಜ ಭೀಮನನ್ನಾಗಲಿ ಅರ್ಜುನನನ್ನಾಗಲಿ ಕೇಳಲಿಲ್ಲ. ನಕುಲನನ್ನು ಕೇಳಿದ. ಕುಂತಿಗೆ ನಾನಿದ್ದೇನೆ, ಮಾದ್ರಿಗೂ ಒಬ್ಬ ಮಗ ಉಳಿಯಲಿ ಎಂದ. ತಾಯಿಯೊಬ್ಬಳು ಐದು ಎಲೆಗಳಿಗೂ ಒಂದೇ ಅಳತೆಯಲ್ಲಿ ಬಡಿಸಿದ್ದರೆ ಮಾತ್ರ ಹಿರಿಯ ಮಗನ ಬಾಯಲ್ಲಿ ಇಂಥ ಮಾತು ಬರುತ್ತದೆ.

ಆದ್ದರಿಂದ 'ತಕ್ಕವರು ಯಾರು' ಎಂಬ ವಾದಕ್ಕೆ ಕೊನೆಯಿಲ್ಲ, ಅದಕ್ಕೆ ಸೂತ್ರವೂ ಇಲ್ಲ ಎಂದು ನನಗೆ ತೋರುತ್ತದೆ. ಹೋಲುವವರೂ ಸಾಕಬಲ್ಲರು, ಹೋಲದವರೂ ಸಾಕಬಲ್ಲರು. ಅನುಭವ ಇಲ್ಲದವರು ಕಲಿಯುತ್ತಾರೆ. ಮೊದಲ ಹೆರಿಗೆಯಾದಾಗ ನಮ್ಮಲ್ಲಿ ಯಾರಿಗೆ ಅನುಭವವಿತ್ತು?

ಅಲ್ಲಿಯವರೆಗೂ ಏನೂ ಮಾತಾಡದೆ ಕುಳಿತಿದ್ದವರು ನನ್ನ ಸೋದರತ್ತೆ. ಎಪ್ಪತ್ತೊಂಬತ್ತು ವರ್ಷ. ಇಂಗ್ಲಿಷ್ ಅಷ್ಟಕ್ಕಷ್ಟೇ, ಹುಡುಗಿ ಪಕ್ಕದಲ್ಲಿ ಕೂತು ಕಥೆ ಹೇಳುತ್ತಿದ್ದಳು. ಎಲ್ಲರ ವಾದ ಮುಗಿದ ಮೇಲೆ ಅವರು ಸೆರಗಿನಿಂದ ಕನ್ನಡಕ ಒರೆಸಿಕೊಳ್ಳುತ್ತಾ, "ಆ ಹುಡುಗಿಗೆ ಒಂದು ಕಾಗದವಾದರೂ ಬಂತಲ್ಲ" ಎಂದರು. ಅಷ್ಟೇ.

ಅವರ ಕಥೆ ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದು ಯಾರೂ ಹೇಳದ ಕಥೆ. ಅತ್ತೆಗೆ ಇಪ್ಪತ್ತನಾಲ್ಕು ವರ್ಷವಾಗಿದ್ದಾಗ ಅವರ ಅಕ್ಕ ಬಾಣಂತಿತನದಲ್ಲಿ ತೀರಿಕೊಂಡರು. ಬಾವ ಅದಕ್ಕೂ ಕೆಲವು ತಿಂಗಳ ಮೊದಲೇ ಹೋಗಿದ್ದರು. ಉಳಿದದ್ದು ಐದು ವರ್ಷದ ಹುಡುಗ, ಹಸುಗೂಸು ಹೆಣ್ಣುಮಗು. ಅತ್ತೆ ಆಗಷ್ಟೇ ಶಿಕ್ಷಕಿಯರ ತರಬೇತಿ ಮುಗಿಸಿ ಕೆಲಸಕ್ಕೆ ಸೇರಿದ್ದರು, ಒಂದು ಕಡೆ ಜಾತಕವೂ ಕೂಡಿಬಂದಿತ್ತು. ವೈಕುಂಠ ಸಮಾರಾಧನೆಯ ದಿನ ಊಟವಾದ ಮೇಲೆ ಗಂಡಸರು ಜಗಲಿಯಲ್ಲಿ ಕೂತು ಎಲೆಅಡಿಕೆ ಹಾಕಿಕೊಂಡು ಮಾತಾಡಿದರು. ಅತ್ತೆ ಒಳಗೆ ಮುಸುರೆ ಪಾತ್ರೆಗಳ ಮುಂದೆ ಇದ್ದರು. ಮಗು ಅತ್ತಾಗ ಯಾರೋ ತಂದು ಅವರ ತೊಡೆಯ ಮೇಲೆ ಮಲಗಿಸಿದರು. ತೀರ್ಮಾನ ಅಷ್ಟರಲ್ಲೇ ಆಗಿಹೋಯಿತು. ಜಾತಕ ಕೂಡಿದವರು ಎರಡು ಮಕ್ಕಳ ಸುದ್ದಿ ಕೇಳಿ ಹಿಂದೆ ಸರಿದರು. ಅತ್ತೆ ಮದುವೆಯಾಗಲಿಲ್ಲ. ಶಾಲೆಗೆ ಹೋಗುತ್ತಾ, ಆ ಇಬ್ಬರನ್ನೂ ಓದಿಸಿ, ಮದುವೆ ಮಾಡಿ, ಬಾಣಂತನವನ್ನೂ ಮಾಡಿದರು. ಮಕ್ಕಳು ಅವರನ್ನು ಚೆನ್ನಾಗಿಯೇ ನೋಡಿಕೊಂಡಿದ್ದಾರೆ. ಅದರಲ್ಲಿ ಕೊರತೆಯಿಲ್ಲ.

ಹಾಗಾದರೆ ಅತ್ತೆಯ ಮಾತಿನಲ್ಲಿದ್ದ ಕೊರಗು ಏನು? ಮರುದಿನ ಅವರನ್ನೇ ಕೇಳಿದೆ. "ಮಕ್ಕಳನ್ನು ಸಾಕಿದ್ದಕ್ಕೆ ನನಗೆ ಒಂದು ದಿನವೂ ಬೇಸರವಿಲ್ಲ ಕಣೇ. ಕೇಳಿದ್ದರೂ ಹೂಂ ಅಂತಲೇ ಅಂತಿದ್ದೆ. ಆದರೆ ಕೇಳಲಿಲ್ಲವಲ್ಲ. ಕೇಳಿದ್ದರೆ ಅದು ನಾನು ಮಾಡಿದ ಕೆಲಸ ಆಗ್ತಿತ್ತು. ಈಗ ಅದು ನನಗೆ ಆದ ಸಂಗತಿ" ಎಂದರು.

ನಾನು ಮಾಡಿದ್ದು, ನನಗೆ ಆದದ್ದು. ಈ ಎರಡರ ನಡುವಿನ ಅಂತರ ದೊಡ್ಡದು. ಮಾಡಿದ ಕೆಲಸ ಒಂದೇ, ಕಳೆದ ವರ್ಷಗಳು ಅವೇ. ಆದರೆ ಒಪ್ಪಿಕೊಂಡವರ ತ್ಯಾಗ ಅವರದಾಗಿ ಉಳಿಯುತ್ತದೆ. ಕೇಳದೆ ಹೊರಿಸಿದ್ದು ಹೊತ್ತವರದೂ ಆಗದು, ಹೊರಿಸಿದವರದೂ ಆಗದು. ಹಣೆಬರಹದ ಲೆಕ್ಕಕ್ಕೆ ಸೇರಿಹೋಗುತ್ತದೆ.

ಇಲ್ಲಿ ಗಂಡಸರ ಮಾತನ್ನೂ ಒಂದಿಷ್ಟು ಆಡಲೇಬೇಕು. 1972ರ 'ಬಂಗಾರದ ಮನುಷ್ಯ'ವನ್ನು ನೋಡದ ಕನ್ನಡಿಗರುಂಟೇ? ಬಾವ ತೀರಿಹೋದಾಗ ರಾಜೀವ ಅಕ್ಕನ ಸಂಸಾರದ ಹೊಣೆ ಹೊತ್ತು ಹಳ್ಳಿಯಲ್ಲೇ ನಿಲ್ಲುತ್ತಾನೆ. ಕೊನೆಗೆ ಆ ಮನೆಯಲ್ಲೇ ಅವಮಾನವಾದಾಗ ಎಲ್ಲವನ್ನೂ ಬಿಟ್ಟು ಹೊರಟುಹೋಗುತ್ತಾನೆ. ನಾವೆಲ್ಲ ಬಿಕ್ಕಿ ಬಿಕ್ಕಿ ಅತ್ತಿದ್ದೇವೆ. ಅಳಬೇಕಾದ್ದೇ. ಆದರೆ ಅಕ್ಕನ ಮಕ್ಕಳನ್ನು ಸಾಕಿದ ಗಂಡಸು ಬಂಗಾರದ ಮನುಷ್ಯನಾದರೆ, ಅದೇ ಕೆಲಸ ಮಾಡಿದ ಹೆಂಗಸಿಗೆ ತಾಮ್ರ ಹಿತ್ತಾಳೆಯ ಹೆಸರೂ ಇಲ್ಲ! ಪರದೇಶದ ಕಥೆಯೂ ಹೀಗೆಯೇ. ಬಾಗಿಲಲ್ಲಿ ಬಿಟ್ಟುಹೋದ ಮಗುವನ್ನು ಮೂವರು ಬ್ರಹ್ಮಚಾರಿಗಳು ಸಾಕುವ ಚಿತ್ರವನ್ನು ಫ್ರಾನ್ಸಿನ ನಿರ್ದೇಶಕಿ ಕೊಲಿನ್ ಸೆರೊ 1985ರಲ್ಲಿ ಮಾಡಿದರು. ಅದೇ 1987ರಲ್ಲಿ ಅಮೆರಿಕದಲ್ಲಿ 'ತ್ರೀ ಮೆನ್ ಅಂಡ್ ಎ ಬೇಬಿ' ಆಗಿ, ಆ ವರ್ಷ ಅಲ್ಲಿ ಎಲ್ಲಕ್ಕಿಂತ ಹೆಚ್ಚು ಹಣ ಗಳಿಸಿತು. ಗಂಡಸು ಮಗುವಿನ ಬಟ್ಟೆ ಬದಲಿಸಲು ಪರದಾಡಿದರೆ ಚಪ್ಪಾಳೆ, ಹೆಂಗಸು ಪರದಾಡಿದರೆ "ಇಷ್ಟೂ ಬರೋದಿಲ್ವ?" ಎಂಬ ಮಾತು. ಗಂಡಸಿನ ಪಾಲಿಗೆ ಅದು ಉದಾರತೆ, ನಮ್ಮ ಪಾಲಿಗೆ ಹುಟ್ಟುಗುಣ. ಹುಟ್ಟುಗುಣವನ್ನು ಯಾರು ಕೇಳಿ ಪಡೆಯುತ್ತಾರೆ? ಮಳೆಯನ್ನು 'ಬರುತ್ತೀಯಾ' ಎಂದು ಕೇಳುವವರುಂಟೆ?

ಮನೆಯವರು ಕೇಳದಿದ್ದರೂ ಕಾನೂನು ಕೇಳುತ್ತದೆ ಎಂಬುದು ನನಗೆ ತಿಳಿದದ್ದು ತೀರಾ ಈಚೆಗೆ. ಬ್ರಿಟಿಷರ ಕಾಲದ, 1890ರ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಆ್ಯಕ್ಟ್ ನಮ್ಮಲ್ಲಿ ಈಗಲೂ ಜಾರಿಯಲ್ಲಿದೆ. ಮಗುವಿಗೆ ಪೋಷಕರನ್ನು ನೇಮಿಸುವಾಗ ನ್ಯಾಯಾಲಯ ಏನೇನು ನೋಡಬೇಕೆಂದು ಅದರ 17ನೇ ಕಲಮು ಹೇಳುತ್ತದೆ. ಮಗುವಿನ ಹಿತ ಮೊದಲು. ಆಮೇಲೆ ಅದರ ವಯಸ್ಸು, ಪೋಷಕರಾಗುವವರ ನಡತೆ ಮತ್ತು ಸಾಮರ್ಥ್ಯ, ಸಂಬಂಧ ಎಷ್ಟು ಹತ್ತಿರದ್ದು, ತೀರಿಹೋದ ತಂದೆತಾಯಿಗೆ ಏನಾದರೂ ಇಚ್ಛೆ ಇತ್ತೇ ಎಂಬುದೆಲ್ಲ. ಮಗು ತಿಳಿದು ಹೇಳುವಷ್ಟು ದೊಡ್ಡದಾಗಿದ್ದರೆ ಅದರ ಇಷ್ಟವನ್ನೂ ಗಮನಿಸಬಹುದು. ನಮ್ಮ ಶಿಕ್ಷಕಿ ಕೇಳಿದ ಪ್ರಶ್ನೆ ಕಾನೂನಿನಲ್ಲಿ ಆಗಲೇ ಇತ್ತು! ಅದೇ ಕಲಮಿನ ಕೊನೆಯಲ್ಲಿ ಇನ್ನೊಂದು ಮಾತಿದೆ. ಯಾರನ್ನೂ ಅವರ ಇಚ್ಛೆಗೆ ವಿರುದ್ಧವಾಗಿ ನ್ಯಾಯಾಲಯ ಪೋಷಕರನ್ನಾಗಿ ಮಾಡುವಂತಿಲ್ಲ. 22ನೇ ಕಲಮಿನಂತೆ, ಪೋಷಕರು ಪಡುವ ಶ್ರಮಕ್ಕಾಗಿ ನ್ಯಾಯಾಲಯ ಅವರಿಗೆ ಭತ್ಯೆ ಗೊತ್ತುಮಾಡಬಹುದು. 40ನೇ ಕಲಮಿನಂತೆ, ಇನ್ನು ಆಗದು ಎನ್ನಿಸಿದವರು ಅರ್ಜಿ ಕೊಟ್ಟು ಹೊಣೆಯಿಂದ ಬಿಡುಗಡೆ ಕೇಳಬಹುದು.

ಕೇಳಿ ಕೊಡಬೇಕು, ಶ್ರಮವನ್ನು ಶ್ರಮವೆಂದು ಒಪ್ಪಬೇಕು, ಇಳಿಸಲು ದಾರಿ ಇಟ್ಟಿರಬೇಕು. ಪರದೇಶದಿಂದ ಬಂದ ದೊರೆಗಳು ನೂರ ಮೂವತ್ತಕ್ಕೂ ಹೆಚ್ಚು ವರ್ಷಗಳ ಹಿಂದೆ ಬರೆದಿಟ್ಟ ಈ ಮೂರು ಸೌಜನ್ಯಗಳಲ್ಲಿ ಒಂದೂ ಜಗಲಿಯಿಂದ ನಡುಮನೆ ದಾಟಿ ಅಡಿಗೆಮನೆಯವರೆಗೆ ಬಂದಿರಲಿಲ್ಲ.

"ಸಂಬಂಧದಲ್ಲಿ ಕಾನೂನು ಎಲ್ಲಿಂದ ಬಂತು? ಮಗು ಅಳುತ್ತಾ ಬಾಗಿಲಲ್ಲಿ ನಿಂತಿರುವಾಗ ಒಪ್ಪಿಗೆ ಪತ್ರ ಬರೆಸಿಕೊಳ್ಳುತ್ತಾ ಕೂರೋದಾ? ಕೇಳಿದರೆ 'ಇಲ್ಲ' ಅಂದುಬಿಟ್ಟರೆ?" ಎಂದು ಯಾರಾದರೂ ಕೇಳಬಹುದು. ಇದು ತಳ್ಳಿಹಾಕುವ ಮಾತಲ್ಲ. ಮಗುವಿಗೆ ಕಾಯುವಷ್ಟು ಸಮಯವಿಲ್ಲ. ಅದಕ್ಕೆ ಈ ರಾತ್ರಿಯೇ ಹಾಲು ಬೇಕು, ಈ ರಾತ್ರಿಯೇ ಮಗ್ಗುಲು ಬೇಕು. ಅದರ ಹಕ್ಕು ನಮ್ಮ ಒಪ್ಪಿಗೆಗಿಂತ ಹಿರಿದು. ಇದನ್ನು ನಾನು ಪೂರ್ತಿಯಾಗಿ ಒಪ್ಪುತ್ತೇನೆ.

ಆದರೆ ಆ ಹಕ್ಕು ಯಾರ ಮೇಲಿನ ಹಕ್ಕು? ಒಬ್ಬ ಇಪ್ಪತ್ತನಾಲ್ಕು ವರ್ಷದ ಹುಡುಗಿಯ ಮೇಲೋ, ಅಲ್ಲಿ ಕೂತಿದ್ದ ಎಲ್ಲರ ಮೇಲೋ? ಎಲ್ಲರ ಮೇಲೂ ಎಂದು ನನ್ನ ನಂಬಿಕೆ. ಮಗು ಬಾಗಿಲಲ್ಲಿ ನಿಂತಾಗ ಸಾಲ ಹುಟ್ಟುವುದು ಇಡೀ ಮನೆತನಕ್ಕೆ. ಅದರಲ್ಲಿ ಯಾರು ಎಷ್ಟು ತೀರಿಸಬೇಕು ಎಂಬುದಕ್ಕಾಗಿಯೇ ಕೇಳಬೇಕು. ಒಬ್ಬಳು ತೊಡೆ ಕೊಟ್ಟರೆ ಇನ್ನೊಬ್ಬರು ಶಾಲೆಯ ಫೀಜು ಕೊಡಲಿ, ಮತ್ತೊಬ್ಬರು ಬೇಸಿಗೆ ರಜೆಯಲ್ಲಿ ಕರೆದುಕೊಂಡು ಹೋಗಲಿ. "ನಾನು ಸಾಕಲಾರೆ" ಎಂದವರಿಗೂ ಪಾಲು ತಪ್ಪದಿರಲಿ. ಆಗ 'ಇಲ್ಲ' ಎನ್ನುವುದು ಪಾಪವೂ ಆಗದು, ಜಾರಿಕೊಳ್ಳುವ ಉಪಾಯವೂ ಆಗದು. ನಮ್ಮಲ್ಲಿ ನಡೆದದ್ದು ಬೇರೆ. ಒಬ್ಬಳ ತೊಡೆಯ ಮೇಲೆ ಮಗುವನ್ನು ಮಲಗಿಸಿ ಉಳಿದವರೆಲ್ಲ ಬಸ್ಸು ಹಿಡಿದು ಊರಿಗೆ ಹೋದರು. ಹೋಗುವಾಗ "ದೇವರು ನಿನಗೆ ಒಳ್ಳೆಯದು ಮಾಡ್ಲಿ" ಎಂದು ಹೇಳುವುದನ್ನು ಮಾತ್ರ ಮರೆಯಲಿಲ್ಲ.

ಚಿತ್ರದಲ್ಲಿ ನನಗೆ ಹಿಡಿಸಿದ ಸಂಗತಿಯೂ ಇದೇ. ಹೆಲನ್ ಮಕ್ಕಳನ್ನು ಅಕ್ಕನಿಗೆ ಒಪ್ಪಿಸಿಬಿಡುವುದನ್ನು ನಮ್ಮಲ್ಲಿ ಇಬ್ಬರು 'ಸೋಲು' ಎಂದರು. ನನಗೆ ಹಾಗನ್ನಿಸಲಿಲ್ಲ. ಒಮ್ಮೆ ಇಳಿಸಲು ಸಾಧ್ಯವಾದದ್ದರಿಂದಲೇ ಅವಳು ಮತ್ತೆ ಬಂದು ಎತ್ತಿಕೊಂಡಾಗ ಆ ಮಕ್ಕಳು ಅವಳವಾದವು. ಮೊದಲ ಸಲ ಉಯಿಲು ಕೊಟ್ಟಿತ್ತು, ಎರಡನೆಯ ಸಲ ಅವಳೇ ಕೇಳಿ ಪಡೆದಳು. ಜೊತೆಗೆ ಅವಳು ಒಂಟಿಯಾಗಿ ಸಾಕಲೂ ಇಲ್ಲ. ಗದರಲು ಅಕ್ಕ ಇದ್ದಳು. ಕ್ವೀನ್ಸ್‌ನಲ್ಲಿ ನಿಲ್ಮಾ ಎಂಬ ನೆರೆಯಾಕೆ ಇದ್ದಳು, ಭಾರತೀಯ ಮೂಲದವಳು. ಸಯೀದ್ ಜಾಫ್ರಿ ಮತ್ತು ಮಧುರ್ ಜಾಫ್ರಿಯವರ ಮಗಳು ಸಕೀನಾ ಜಾಫ್ರಿ ಆ ಪಾತ್ರ ಮಾಡಿದ್ದಾರೆ. ನಮ್ಮ ಹೆಂಗಸರಿಗೆಲ್ಲ ಅವಳನ್ನು ಕಂಡರೆ ಬಲು ಇಷ್ಟವಾಯಿತು. ಯಾರ ರಕ್ತವೂ ಅಲ್ಲ, ಯಾವ ಉಯಿಲಿನಲ್ಲೂ ಅವಳ ಹೆಸರಿಲ್ಲ. ಆದರೂ ಬಾಗಿಲು ತಟ್ಟಿದರೆ ಬರುತ್ತಾಳೆ. ನಮ್ಮ ಊರುಗಳಲ್ಲಿ ಎಷ್ಟು ಮಕ್ಕಳು ಇಂಥ ಪಕ್ಕದ ಮನೆಯವರ ಕೈ ತುತ್ತಿನಲ್ಲಿ ಬೆಳೆದಿಲ್ಲ!

ಚಿತ್ರ ತೇಲಿಸಿಬಿಟ್ಟದ್ದು ದುಡ್ಡಿನ ಮಾತನ್ನು. ಸ್ವಾಗತಕಾರಿಣಿಯ ಸಂಬಳದಲ್ಲಿ ನ್ಯೂಯಾರ್ಕಿನಲ್ಲಿ ಮೂರು ಮಕ್ಕಳ ಸಂಸಾರ ಹೇಗೆ ನಡೆಯಿತೋ, ಕೇಳುವ ಹೊತ್ತಿಗೆ ಮಕ್ಕಳ ಶಾಲೆಯ ಪಾದ್ರಿಯ ಪ್ರೇಮ ಬಂದು ಕಥೆಯನ್ನು ಹಸನು ಮಾಡಿಬಿಡುತ್ತದೆ. ನಿಜದ ಮನೆಗಳಿಗೆ ಅಂಥ ಪಾದ್ರಿ ಬರುವುದಿಲ್ಲ. 2021ರಲ್ಲಿ ಕೊರೋನಾ ಎರಡನೇ ಅಲೆ ಎಷ್ಟೋ ಮಕ್ಕಳ ತಂದೆತಾಯಿಯರನ್ನು ಕೆಲವೇ ದಿನಗಳ ಅಂತರದಲ್ಲಿ ಕೊಂಡೊಯ್ದಾಗ ಇದನ್ನು ಕಣ್ಣಾರೆ ಕಂಡೆವು. ಆ ವರ್ಷ ಮೇ ತಿಂಗಳಲ್ಲಿ ನಮ್ಮ ರಾಜ್ಯ ಸರ್ಕಾರ ಇಂಥ ಮಕ್ಕಳಿಗೆ ತಿಂಗಳಿಗೆ 3,500 ರೂಪಾಯಿಯ ಬಾಲ ಸೇವಾ ಯೋಜನೆಯನ್ನು ಪ್ರಕಟಿಸಿತು. ಕೇಂದ್ರ ಸರ್ಕಾರ ಮಗುವಿಗೆ 23 ವರ್ಷವಾದಾಗ 10 ಲಕ್ಷ ಸಿಗುವಂಥ ಯೋಜನೆ ತಂದಿತು. ಒಳ್ಳೆಯ ಕೆಲಸವೇ. ಆದರೆ ಅರ್ಜಿಯ 'ಪೋಷಕರ ಸಹಿ' ಎಂಬ ಜಾಗದಲ್ಲಿ ನಡುಗುವ ಕೈಯಿಂದ ಹೆಸರು ಬರೆದ ಅಜ್ಜಿ, ಚಿಕ್ಕಮ್ಮ, ಸೋದರತ್ತೆಯರನ್ನು "ನಿಮ್ಮ ಕೈಲಾಗುತ್ತದೆಯೇ, ಏನು ಬೇಕು?" ಎಂದು ಎಷ್ಟು ಮಂದಿ ಕೇಳಿದರೋ!

ಕೊನೆಗೆ ಮಕ್ಕಳ ಮಾತು. ಹಂಗಿನ ಅನ್ನ ಎಂದರೇನೆಂದು ಬೇರೆಯವರ ಮನೆಯಲ್ಲಿ ಬೆಳೆದವರಿಗೆ ಗೊತ್ತು. ಅತ್ತೆ ಸಾಕಿದ ಮಗಳು, ಅಂದರೆ ನನ್ನ ಅತ್ತಿಗೆ, ಒಮ್ಮೆ ನನ್ನ ಹತ್ತಿರ ಹೇಳಿದ್ದಳು. "ಚಿಕ್ಕಮ್ಮ ನನಗೆ ಒಂದು ದಿನವೂ ಕಡಿಮೆ ಮಾಡಲಿಲ್ಲ. ಆದರೂ ಚಿಕ್ಕಂದಿನಲ್ಲಿ ಅವರ ಮುಖ ಸ್ವಲ್ಪ ಬಾಡಿದರೆ ನನ್ನಿಂದಲೇ ಅಂತ ಅನ್ನಿಸೋದು. ನಮ್ಮನ್ನು ಅವರು ಬೇಕು ಅಂತ ತಗೊಂಡ್ರಾ, ಬೇರೆ ದಾರಿಯಿಲ್ಲದೆ ಇಟ್ಕೊಂಡ್ರಾ, ಹೇಗೆ ಕೇಳೋದು?" ಕೇಳದೆ ಕೊಟ್ಟ ಪಾಪ ಕೊಟ್ಟವರನ್ನು ಬಿಟ್ಟು ಇಲ್ಲಿಗೂ ಬಂದು ತಟ್ಟಿತು. ಒಪ್ಪಿ ಪಡೆದ ಮನೆಯ ಅನ್ನಕ್ಕೆ ಹಂಗಿಲ್ಲ. ಮಗು ಧೈರ್ಯವಾಗಿ ಹಟ ಮಾಡುತ್ತದೆ, ಎರಡನೆಯ ಸಲ ತುಪ್ಪ ಕೇಳುತ್ತದೆ.

ಮಾದ್ರಿ ಕುಂತಿಯನ್ನು ಕೇಳಿದ್ದಳು, ಆದರೆ ಇಲ್ಲವೆನ್ನಲು ಎಡೆಯಿಲ್ಲದ ಹೊತ್ತಿನಲ್ಲಿ, ಚಿತೆಯ ಪಕ್ಕದಲ್ಲಿ. ಲಿಂಡ್ಸೆ ಕಾರಣವನ್ನು ಬರೆದಳು, ಆದರೆ ತಾನು ಹೋದ ಮೇಲೆ ಓದುವುದಕ್ಕೆ. ನಮಗೆ ಇವರಿಬ್ಬರಿಗಿಂತ ಹೆಚ್ಚು ಅನುಕೂಲವಿದೆ. ನಾವಿನ್ನೂ ಬದುಕಿದ್ದೇವೆ, ಕೇಳಬೇಕಾದವರೂ ಬದುಕಿದ್ದಾರೆ. ಚಿಕ್ಕ ಮಕ್ಕಳಿರುವ ತಾಯಂದಿರು ಒಂದು ಮಧ್ಯಾಹ್ನ ಬಿಡುವು ಮಾಡಿಕೊಂಡು, ಮನಸ್ಸಿನಲ್ಲಿರುವ ಆ ತಂಗಿಯನ್ನೋ ನಾದಿನಿಯನ್ನೋ ಗೆಳತಿಯನ್ನೋ ಕರೆದು ಕೂರಿಸಿಕೊಂಡು ಕೇಳಬಹುದು. ನಿನ್ನನ್ನೇ ಯಾಕೆ ಕೇಳುತ್ತಿದ್ದೇನೆ ಎಂಬುದನ್ನೂ ಹೇಳಬಹುದು. ಆಗುವುದಿಲ್ಲ ಎಂದರೆ ಬೇಸರವಿಲ್ಲ ಎಂಬ ಮಾತನ್ನೂ ಸೇರಿಸಬೇಕು. ಅಂಥ ಗಳಿಗೆ ಬಾರದೇ ಹೋಗಲಿ, ಬಾರದು. ಬಂದರೂ ಬಾರದಿದ್ದರೂ, ತನ್ನ ಮಕ್ಕಳಿಗೆ ನೀನಾಗಬಹುದೇ ಎಂದು ಒಬ್ಬಳು ತನ್ನನ್ನು ಕೇಳಿದ್ದಳು ಎಂಬುದನ್ನು ಆ ಹೆಂಗಸು ಜನ್ಮವಿರುವವರೆಗೆ ಮರೆಯಲಾರಳು. ದೀಪ ಹಚ್ಚುವ ಹೊತ್ತು ಬೇಡವಾದರೆ ಬೆಳಗಿನ ಕಾಫಿಯ ಹೊತ್ತಿನಲ್ಲಿ ಕೇಳಿ. "ಬಿಡ್ತು ಅನ್ನಿ" ಎಂದು ಅವರು ಅಂದರೆ, ಬಿಡ್ತು ಅಂದು, ಮತ್ತೆ ಕೇಳಿ.